ಕಿಟ್ ಸಿಗದ ಮಾರುತ್ ವಿಮಾನವನ್ನು ಕೈಯಲ್ಲೇ ಕಟ್ಟುವುದು ಹೇಗೆ?

ಪ್ರಶ್ನೆ: ಏರ್‌ಫಿಕ್ಸ್ ಕಂಪನಿಯ ನ್ಯಾಟ್ ಜೆಟ್ ಸೇರಿ ಮೂರ್ನಾಲ್ಕು ಪ್ಲಾಸ್ಟಿಕ್ ಕಿಟ್ ಕಟ್ಟಿದ್ದೇನೆ. ಈಗ ನಮ್ಮ ಎಚ್‌ಎಎಲ್‌ನ ಎಚ್‌ಎಫ್-24 ಮಾರುತ್ ಯುದ್ಧವಿಮಾನ ಮಾಡುವ ಆಸೆ. 1/72 ಅಳತೆಯಲ್ಲಿ, ಅಂದರೆ ನಿಜದ 72ನೇ ಒಂದು ಭಾಗದಲ್ಲಿ, ಕಿಟ್ ಎಲ್ಲೂ ಕೈಗೆ ಸಿಗುತ್ತಿಲ್ಲ. ಶೀಟು, ಮರ ಇಟ್ಟುಕೊಂಡು ಮೊದಲಿನಿಂದ ನಾನೇ ಮಾಡಬಹುದಾ? ಅದಕ್ಕಿಂತ 3ಡಿ ಪ್ರಿಂಟ್ ಮಾಡಿಸುವುದೇ ಸುಲಭವಾ? ಪ್ಯಾನಲ್ ಗೆರೆ, ರಿವೆಟ್, ಕಾಕ್‌ಪಿಟ್ ಇವನ್ನೆಲ್ಲ ಎಷ್ಟರ ಮಟ್ಟಿಗೆ ತೋರಿಸಬೇಕು? ಏರ್‌ಬ್ರಷ್ ಇದೆ, ಲೇತ್ ಇಲ್ಲ. — ಹುಬ್ಬಳ್ಳಿಯ ಓದುಗರೊಬ್ಬರು

ಉತ್ತರ:

ಮಾಡಬಹುದು. ಮೊದಲ ಸಲಕ್ಕೆ ಮಾರುತ್ ಒಳ್ಳೆಯ ಆಯ್ಕೆ ಕೂಡ. ಒಂದರ ಮೇಲೊಂದು ರೆಕ್ಕೆ ಇರುವ ಹಳೇ ವಿಮಾನಗಳ ಹಾಗೆ ತಂತಿ ಎಳೆಯುವ ಕೆಲಸ ಇಲ್ಲ, ಪ್ರೊಪೆಲ್ಲರ್ ಇಲ್ಲ, ಎಂಜಿನ್ ಎರಡೂ ಹೊಟ್ಟೆಯೊಳಗೆ ಅಡಗಿವೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀವು ಕೇಳಿದ ಪ್ರಶ್ನೆಯಲ್ಲಿ ಅರ್ಧ ರಿವೆಟ್ಟು, ಗೆರೆ, ಕಾಕ್‌ಪಿಟ್ಟು. ನಾನು ಕೊಡುವ ಉತ್ತರದಲ್ಲಿ ಮುಕ್ಕಾಲು ಪಾಲು ಮೈಕಟ್ಟು. ಆಕಾರ ತಪ್ಪಿದ ಮಾರುತ್‌ಗೆ ಎಷ್ಟೇ ರಿವೆಟ್ ಹೊಡೆದರೂ ಅದು ಯಾವುದೋ ಒಂದು ಜೆಟ್ ವಿಮಾನ ಅಷ್ಟೆ. ಆಕಾರ ಸರಿ ಇದ್ದರೆ ಒಂದೂ ಗೆರೆ ಇಲ್ಲದೆ ಬರೀ ಬೂದು ಪ್ರೈಮರ್ ಹೊಡೆದು ಇಟ್ಟರೂ ನೋಡಿದವರು 'ಓ, ಮಾರುತ್ ಅಲ್ವಾ' ಅನ್ನುತ್ತಾರೆ.

ಆ ಮೈಕಟ್ಟಿನ ಗುಟ್ಟು ಸೊಂಟದಲ್ಲಿದೆ. ಇದನ್ನು ವಿನ್ಯಾಸ ಮಾಡಿದವರು ಕುರ್ಟ್ ಟ್ಯಾಂಕ್, ಎರಡನೇ ಮಹಾಯುದ್ಧದ ಫೋಕೆ-ವುಲ್ಫ್ 190 ವಿಮಾನದ ಹಿಂದಿದ್ದ ಜರ್ಮನ್ ಎಂಜಿನಿಯರ್. 1956ರಲ್ಲಿ ಬೆಂಗಳೂರಿಗೆ ಬಂದು ಎಚ್‌ಎಎಲ್ ತಂಡದ ಜೊತೆ ಕೆಲಸ ಶುರು ಮಾಡಿದರು. ಶಬ್ದದ ವೇಗದ ಹತ್ತಿರ ಹೋದಾಗ ವಿಮಾನವನ್ನು ಗಾಳಿ ಹಿಡಿದು ಜಗ್ಗುವುದು ಜಾಸ್ತಿಯಾಗುತ್ತದೆ. ಮೂತಿಯಿಂದ ಬಾಲದವರೆಗೆ ಅಡ್ಡ ಕೊಯ್ದು ನೋಡಿದರೆ ಸಿಗುವ ಒಟ್ಟು ವಿಸ್ತೀರ್ಣ ಎಲ್ಲೂ ತಟ್ಟನೆ ಏರಬಾರದು, ತಟ್ಟನೆ ಇಳಿಯಬಾರದು, ಆಗ ಈ ಜಗ್ಗಾಟ ಕಡಿಮೆ. ಏರಿಯಾ ರೂಲ್ ಅನ್ನುವುದು ಇದಕ್ಕೇ. ರೆಕ್ಕೆ ಸೇರುವ ಜಾಗದಲ್ಲಿ ರೆಕ್ಕೆಯ ವಿಸ್ತೀರ್ಣವೂ ಲೆಕ್ಕಕ್ಕೆ ಬರುತ್ತದಲ್ಲ, ಅದಕ್ಕೇ ಅಲ್ಲಿ ಮೈಯನ್ನು ಒಳಗೆ ಸೆಳೆದಿದ್ದಾರೆ. ಮೇಲಿನಿಂದ ನೋಡಿದರೆ ಗಾಳಿ ಎಳೆಯುವ ಬಾಯಿಗಳ ಹತ್ತಿರ ಅಗಲ, ರೆಕ್ಕೆಯ ನಡುವೆ ಸಪೂರ, ಹಿಂದೆ ಜೋಡಿ ಎಂಜಿನ್ ಇರುವಲ್ಲಿ ಮತ್ತೆ ತುಂಬಿಕೊಂಡಂತೆ ಕಾಣುತ್ತದೆ. ಮನೆಯಲ್ಲಿ ಮಾಡಿದ ಮಾರುತ್‌ಗಳಲ್ಲಿ ಹತ್ತಕ್ಕೆ ಎಂಟು ಸೋಲುವುದು ಇಲ್ಲೇ. ಉಜ್ಜುವಾಗ ಕೈ ತನ್ನಷ್ಟಕ್ಕೆ ಉಬ್ಬನ್ನೂ ತಗ್ಗನ್ನೂ ಸಮ ಮಾಡುತ್ತಾ ಹೋಗುತ್ತದೆ, ಕೊನೆಗೆ ಪೈಪಿನಂಥ ಮೈ ಉಳಿಯುತ್ತದೆ.

ಈಗ ಅಳತೆ. ವಿಮಾನದ ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್, ಎತ್ತರ 3.6 ಮೀಟರ್. 1/72ರಲ್ಲಿ ಇದು 220.4, 125 ಮತ್ತು 50 ಮಿಲಿಮೀಟರ್. ಅಂದರೆ ಇಡೀ ನಕ್ಷೆ ಒಂದು ಎ4 ಹಾಳೆಯಲ್ಲಿ ಹಿಡಿಯುತ್ತದೆ. 1/48ಕ್ಕೆ ಹೋದರೆ ಉದ್ದವೇ 330 ದಾಟುತ್ತದೆ, ಎ3 ಬೇಕು. ಮೊದಲ ಮಾದರಿಗೆ ನೀವು ಆರಿಸಿಕೊಂಡಿರುವ ಅಳತೆಯೇ ಸರಿ. ಪ್ರಿಂಟ್ ತೆಗೆಸುವಾಗ ಜೆರಾಕ್ಸ್ ಅಂಗಡಿಯವರು 'ಫಿಟ್ ಟು ಪೇಜ್' ಒತ್ತಿಬಿಡುತ್ತಾರೆ, ನಕ್ಷೆ ಮೂರ್ನಾಲ್ಕು ಶೇಕಡಾ ಕುಗ್ಗಿ ಬರುತ್ತದೆ. ಅಂಗಡಿಯಲ್ಲೇ ನಿಂತು ಸ್ಟೀಲ್ ಸ್ಕೇಲ್ ಇಟ್ಟು ನೋಡಿ. 220 ಬರದಿದ್ದರೆ ಅಲ್ಲೇ ವಾಪಸ್ ಕೊಡಿ.

ನಕ್ಷೆ ಸಿಕ್ಕಿತು ಅಂದ ಮಾತ್ರಕ್ಕೆ ಅದನ್ನು ನಂಬಬೇಡಿ. ಒಂದೇ ವಿಮಾನದ ಎರಡು ನಕ್ಷೆ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಹೊಂದುವುದೇ ಅಪರೂಪ. ಉದ್ದ, ಅಗಲ ಸರಿ ಇರುತ್ತದೆ, ಯಾಕೆಂದರೆ ಅವು ಎಲ್ಲ ಪುಸ್ತಕದಲ್ಲೂ ಇರುವ ಅಂಕಿ. ಮಧ್ಯದ ಅಡ್ಡಕೊಯ್ತಗಳನ್ನು ಬಿಡಿಸುವಾಗಲೇ ಊಹೆ ನುಗ್ಗುವುದು. ನಿಮಗೆ ಇರುವ ಒಂದು ದೊಡ್ಡ ಅನುಕೂಲ ಏನೆಂದರೆ ನಿಜವಾದ ವಿಮಾನ ರಾತ್ರಿ ಬಸ್ಸಿನ ದೂರದಲ್ಲಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದಿದೆ, ಎಚ್‌ಎಎಲ್‌ನ ಹೆರಿಟೇಜ್ ಸೆಂಟರ್‌ನಲ್ಲಿ ಇನ್ನೊಂದಿದೆ. ಜರ್ಮನಿಯಲ್ಲಿರುವ ಕನ್ನಡದವರು ಯಾರಾದರೂ ಇದನ್ನು ಓದುತ್ತಿದ್ದರೆ, ಮ್ಯೂನಿಕ್ ಹತ್ತಿರದ ಶ್ಲೈಸ್‌ಹೈಮ್‌ನಲ್ಲಿ ಡಾಯ್ಚಸ್ ಮ್ಯೂಸಿಯಂನ ವಿಮಾನ ಸಂಗ್ರಹದಲ್ಲೂ ಒಂದು ಮಾರುತ್ ನಿಂತಿದೆ.

ಹೋದಾಗ ಮೊಬೈಲ್ ಹಿಡಿದು ವಿಮಾನಕ್ಕೆ ಅಂಟಿಕೊಂಡು ಫೋಟೋ ತೆಗೆಯಬೇಡಿ. ಹತ್ತಿರದಿಂದ ತೆಗೆದರೆ ಮೂತಿ ದಪ್ಪ, ಬಾಲ ಸಣ್ಣ ಬರುತ್ತದೆ, ಅದನ್ನು ನೋಡಿ ಅಳತೆ ತೆಗೆದರೆ ಕೆಟ್ಟಿರಿ. ಆದಷ್ಟು ದೂರ ಹೋಗಿ, ಜೂಮ್ ಹಾಕಿ, ಮೈಗೆ ನೇರ ಅಡ್ಡಲಾಗಿ ನಿಂತು ತೆಗೆಯಿರಿ. ಕಟ್ಟುವವರಿಗೆ ಬೇಕಾದ ಫೋಟೋಗಳೇ ಬೇರೆ: ರೆಕ್ಕೆ ಮೈಗೆ ಸೇರುವ ಮೂಲೆ, ಹೊಟ್ಟೆ ಭಾಗ, ಚಕ್ರದ ಗೂಡಿನ ಒಳಗೋಡೆ, ಗಾಳಿ ಎಳೆಯುವ ಬಾಯಿಯ ತುಟಿ, ನೇರ ಎದುರಿನಿಂದ ಒಂದು, ನೇರ ಹಿಂದಿನಿಂದ ಒಂದು. ಬೇಲಿಯ ಆಚೆಯಿಂದಲೇ ತೆಗೆಯಬೇಕಾದರೂ ಪರವಾಗಿಲ್ಲ. ಅಳತೆ ಗೊತ್ತಿರುವ ಯಾವುದಾದರೂ ವಸ್ತು ಅದೇ ದೂರದಲ್ಲಿ ಫೋಟೋದಲ್ಲಿ ಬರಲಿ, ಗೆಳೆಯರು ನಿಂತರೂ ಆಯಿತು. ಒಂದು ಎಚ್ಚರಿಕೆ ಮಾತ್ರ ಇದೆ: ಮ್ಯೂಸಿಯಂ ವಿಮಾನ ಆಕಾರಕ್ಕೆ ಸಾಕ್ಷಿ, ಬಣ್ಣಕ್ಕೆ ಅಲ್ಲ. ಬಿಸಿಲು ಮಳೆಯಲ್ಲಿ ನಿಂತ ವಿಮಾನಕ್ಕೆ ಮತ್ತೆ ಮತ್ತೆ ಬಣ್ಣ ಹೊಡೆದಿರುತ್ತಾರೆ, ಆ ಹಸಿರು ಸ್ಕ್ವಾಡ್ರನ್‌ನಲ್ಲಿದ್ದಾಗಿನ ಹಸಿರೇ ಆಗಿರಬೇಕಿಲ್ಲ.

ಇನ್ನು ಮೈ ಕಟ್ಟುವುದು. ಎರಡು ದಾರಿ ಇವೆ. ಒಂದು, ಗಟ್ಟಿ ಮರದ ತುಂಡನ್ನು ಕೆತ್ತುವುದು. ಇನ್ನೊಂದು, ಪ್ಲಾಸ್ಟಿಕ್ ಶೀಟಿನಲ್ಲಿ ಬೆನ್ನೆಲುಬು ಮತ್ತು ಅಡ್ಡ ಪಟ್ಟಿಗಳನ್ನು ಕತ್ತರಿಸಿ ಗೂಡು ಕಟ್ಟಿ ಮಧ್ಯೆ ಪುಟ್ಟಿ ತುಂಬುವುದು. ಮರದ ದಾರಿಗೆ ನಮ್ಮಲ್ಲಿ ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರ ಇದೆಯಲ್ಲ, ಅದು ಬಾಲ್ಸಾಗಿಂತ ಎಷ್ಟೋ ಮೇಲು. ಎಳೆ ನಯ, ಚೂರಿಗೆ ಚೆನ್ನಾಗಿ ಬಗ್ಗುತ್ತದೆ, ಅಂಚು ನಿಲ್ಲುತ್ತದೆ. ಬಾಲ್ಸಾ ಹಗುರ ನಿಜ, ಆದರೆ ಉಗುರು ತಾಗಿದರೂ ಗುಳಿ ಬೀಳುತ್ತದೆ, ಅದರ ರಂಧ್ರ ಮುಚ್ಚುವಷ್ಟರಲ್ಲಿ ಸಾಕುಸಾಕಾಗುತ್ತದೆ. ಅಂದ ಹಾಗೆ, ಮರ ಅಂದರೆ ಯಾರೂ ಮೂಗು ಮುರಿಯಬೇಕಾಗಿಲ್ಲ. ಮಾರುತ್ ಲೋಹದಲ್ಲಿ ಹಾರುವ ಮೊದಲು ಎಚ್‌ಎಎಲ್‌ನವರೇ ಪೂರ್ಣ ಗಾತ್ರದ ಮರದ ಗ್ಲೈಡರ್ ಒಂದನ್ನು ಕಟ್ಟಿ, ಡಕೋಟಾ ವಿಮಾನಕ್ಕೆ ಕಟ್ಟಿ ಎಳೆಸಿ, 1959ರಲ್ಲಿ ಹಾರಿಸಿ ನೋಡಿದ್ದರು. ಎಂಜಿನ್ ಇದ್ದ ಮೊದಲ ಮಾರುತ್ ಮೇಲೇರಿದ್ದು 1961ರ ಜೂನ್ 17ರಂದು, ಹಾರಿಸಿದವರು ಸುರಂಜನ್ ದಾಸ್.

ಆದರೂ ನಿಮಗೆ ನಾನು ಹೇಳುವುದು ಗೂಡಿನ ದಾರಿ. ಕಾರಣ ಸರಳ. ಮರ ಕೆತ್ತುವಾಗ ಸೊಂಟ ಎಷ್ಟು ಒಳಗೆ ಹೋಗಬೇಕು ಅಂತ ನಿಮಗೆ ಯಾರೂ ಹೇಳುವುದಿಲ್ಲ. ಗೂಡಿನಲ್ಲಿ ಪ್ರತಿ ಅಡ್ಡ ಪಟ್ಟಿಯ ಅಂಚೂ 'ಇಲ್ಲಿಗೆ ನಿಲ್ಲಿಸು' ಅನ್ನುತ್ತದೆ.

1 ಮಿಲಿಮೀಟರ್ ಪಾಲಿಸ್ಟೈರೀನ್ ಶೀಟ್ ತನ್ನಿ. ವಿದೇಶಿ ಎವರ್‌ಗ್ರೀನ್ ಶೀಟ್ ದುಬಾರಿ. ವ್ಯಾಕ್ಯೂಮ್ ಫಾರ್ಮಿಂಗ್ ಮಾಡುವವರಿಗೆ ಶೀಟ್ ಮಾರುವ ಅಂಗಡಿಗಳಲ್ಲಿ 'ಹಿಪ್ಸ್' ಅಂತ ಕೇಳಿ, ಅದೇ ಜಾತಿ. ಸ್ಟೇಷನರಿ ಅಂಗಡಿಯ ಸನ್‌ಬೋರ್ಡ್ ಬೇಡ, ಅದು ನೊರೆ ತುಂಬಿದ ಪಿವಿಸಿ. ಅನುಮಾನ ಬಂದರೆ ಎರಡು ಚೂರುಗಳ ನಡುವೆ ಕಿಟ್‌ಗೆ ಬಳಸುವ ತೆಳು ಅಂಟು, ಅದೇ ತಾಮಿಯಾ ಹಸಿರು ಮುಚ್ಚಳದ್ದು, ಹರಿಸಿ ಮರುದಿನ ಮುರಿದು ನೋಡಿ. ಸರಿಯಾದ ಪಾಲಿಸ್ಟೈರೀನ್ ಆದರೆ ಕರಗಿ ಬೆಸೆದು ಒಂದೇ ತುಂಡಾಗಿರುತ್ತದೆ.

ಪಕ್ಕದ ನೋಟದ ಆಕಾರವನ್ನು ಒಂದು ಶೀಟಿನಲ್ಲಿ ಕತ್ತರಿಸಿ, ಅದು ಬೆನ್ನೆಲುಬು. ಮೇಲಿನ ನೋಟದ ಆಕಾರವನ್ನು ಇನ್ನೊಂದರಲ್ಲಿ ಕತ್ತರಿಸಿ ಅರ್ಧರ್ಧ ಮಾಡಿ ಎರಡೂ ಬದಿಗೆ ಅಂಟಿಸಿ. ಈಗ ಅಡ್ಡ ಪಟ್ಟಿಗಳು. ಇವನ್ನು ಸಮ ದೂರದಲ್ಲಿ ಇಡುವ ಅಭ್ಯಾಸ ಎಲ್ಲರಿಗೂ ಇದೆ, ನೀವು ಹಾಗೆ ಮಾಡಬೇಡಿ. ಆಕಾರ ಬದಲಾಗುವ ಕಡೆ ಹತ್ತಿರ ಹತ್ತಿರ ಇಡಿ. ಕಾಕ್‌ಪಿಟ್‌ನ ಮುಂದೆ ಒಂದು, ಹಿಂದೆ ಒಂದು, ಗಾಳಿ ಬಾಯಿಯ ತುಟಿಯಲ್ಲಿ ಒಂದು, ಅಲ್ಲಿಂದ ಎಂಜಿನ್ ಉಬ್ಬಿನವರೆಗೆ ಹತ್ತು ಹತ್ತು ಮಿಲಿಮೀಟರ್‌ಗೆ ಒಂದು. ಮೂತಿ ಬರೀ ಚೂಪಾಗುತ್ತಾ ಹೋಗುವ ಕೊಳವೆ, ಅಲ್ಲಿ ಎರಡೇ ಸಾಕು. ಪ್ರತಿ ಪಟ್ಟಿಯ ಅಂಚಿಗೂ ಕಪ್ಪು ಪರ್ಮನೆಂಟ್ ಮಾರ್ಕರ್ ಸವರಿ. ಪುಟ್ಟಿ ತುಂಬಿ ಉಜ್ಜುವಾಗ ಕಪ್ಪು ಗೆರೆ ಕಂಡ ಕೂಡಲೇ ನಿಲ್ಲಿಸಬೇಕು. ಕಪ್ಪು ಹೋಗಿ ಬಿಳಿ ಅಂಚು ಕಂಡರೆ ನೀವು ಆಗಲೇ ಹೆಚ್ಚು ತೆಗೆದಿದ್ದೀರಿ ಅಂತ ಅರ್ಥ.

ತುಂಬುವುದಕ್ಕೆ ಎಂ-ಸೀಲ್ ಧಾರಾಳವಾಗಿ ಸಾಕು. ನಲ್ಲಿ ಸೋರಿದಾಗ ಹಚ್ಚುತ್ತೇವಲ್ಲ ಅದೇ. ಎರಡನ್ನೂ ಸಮವಾಗಿ ತೆಗೆದುಕೊಂಡು ಬಣ್ಣ ಒಂದಾಗುವವರೆಗೆ ನಾದಿ, ಗೂಡಿನ ಅಂಚಿಗಿಂತ ಒಂದು ಕೂದಲು ಎತ್ತರ ತುಂಬಿ, ಬೆರಳು ಒದ್ದೆ ಮಾಡಿಕೊಂಡು ನಯ ಮಾಡಿ, ಒಂದು ರಾತ್ರಿ ಬಿಡಿ. ಕಾರಿಗೆ ಬಳಸುವ ಎನ್‌ಸಿ ಪುಟ್ಟಿಯಲ್ಲಿ ಇಡೀ ಗೂಡು ತುಂಬಲು ಹೋಗಬೇಡಿ. ಅದು ಒಣಗುತ್ತಾ ಕುಗ್ಗುತ್ತದೆ, ದಪ್ಪ ಹಚ್ಚಿದರೆ ಒಳಗೆ ವಾರಗಟ್ಟಲೆ ಹಸಿ ಉಳಿದು ಪ್ಲಾಸ್ಟಿಕ್ಕನ್ನೇ ಮೆತ್ತಗೆ ಮಾಡುತ್ತದೆ. ಅದರ ಜಾಗ ಕೊನೆಯ ಗೀರು, ಸೂಜಿರಂಧ್ರ ಮುಚ್ಚುವುದು ಮಾತ್ರ.

ಉಜ್ಜುವುದು ಅರದಿಂದ ಶುರು, ಆಮೇಲೆ 220ರ ವಾಟರ್ ಪೇಪರ್, 400, 800. ನೀರು ಹಾಕಿಯೇ ಉಜ್ಜಿ. ಒಣ ಎಪಾಕ್ಸಿ ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ. ಸೊಂಟದ ಒಳಬಾಗಿಗೆ ಪೇಪರನ್ನು ಬೆರಳಿಗೆ ಸುತ್ತಿ ಉಜ್ಜಬೇಡಿ, ದುಂಡನೆಯ ಪೆನ್ನಿಗೋ ಪಿವಿಸಿ ಕೊಳವೆಗೋ ಸುತ್ತಿ ಉಜ್ಜಿ. ಬೆರಳು ಮೆತ್ತಗಿರುವುದರಿಂದ ಮೇಲ್ಮೈಯಲ್ಲಿ ಅಲ್ಲಲ್ಲಿ ಗುಳಿ, ದಿಣ್ಣೆ ಮಾಡುತ್ತದೆ. ಎಡ ಬಲ ಒಂದೇ ಸಮ ಇದೆಯಾ ನೋಡಲು, ಅಡ್ಡಕೊಯ್ತದ ಅರ್ಧ ಆಕಾರವನ್ನು ದಪ್ಪ ಕಾರ್ಡಿನಿಂದ ಕತ್ತರಿಸಿ ತೆಗೆದು, ಉಳಿದ ಖಾಲಿ ಅಂಚನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಿಡಿದು ಹಿಂದೆ ದೀಪ ಇಡಿ. ಬೆಳಕು ಎಲ್ಲಿ ನುಸುಳುತ್ತದೋ ಅಲ್ಲಿ ಕೆಲಸ ಬಾಕಿ. ಕನ್ನಡಿಯಲ್ಲಿ ನೋಡುವುದೂ ಒಳ್ಳೆಯ ಉಪಾಯ, ದಿನವಿಡೀ ನೋಡಿ ಕಣ್ಣಿಗೆ ಒಗ್ಗಿಹೋದ ಸೊಟ್ಟ ಅದರಲ್ಲಿ ತಟ್ಟನೆ ಕಾಣುತ್ತದೆ.

ಮುಚ್ಚುವ ಮೊದಲು ಮೂತಿಯೊಳಗೆ ಭಾರ ಹಾಕಬೇಕು. ಎಂ-ಸೀಲ್ ತೂಕ ಜಾಸ್ತಿ, ಹಿಂಭಾಗದಲ್ಲಿ ಅದೇ ತುಂಬಿರುತ್ತದೆ, ಹಾಗೆ ಬಿಟ್ಟರೆ ಮಾದರಿ ಬಾಲದ ಮೇಲೆ ಕುಳಿತುಬಿಡುತ್ತದೆ. ಟೈರ್ ಅಂಗಡಿಯಲ್ಲಿ ವ್ಹೀಲ್ ಬ್ಯಾಲೆನ್ಸಿಂಗ್‌ಗೆ ಬಳಸುವ ತೂಕದ ತುಂಡು, ಮೀನು ಗಾಳದ ಸೀಸದ ಗುಂಡು ಯಾವುದಾದರೂ ಆದೀತು. ಸೀಸ ಹಾಕಿದರೆ ಮಾತ್ರ ಫೆವಿಕಾಲ್‌ನಿಂದ ಅಂಟಿಸಬೇಡಿ. ಆ ಬಿಳಿ ಅಂಟಿನಿಂದ ಬರುವ ಆಮ್ಲ ನಿಧಾನಕ್ಕೆ ಸೀಸವನ್ನು ತಿಂದು ಬಿಳಿ ಪುಡಿ ಮಾಡುತ್ತದೆ, ಅದು ಊದಿಕೊಳ್ಳುತ್ತದೆ, ಕೆಲವು ವರ್ಷದ ಮೇಲೆ ಕಪಾಟಿನಲ್ಲಿ ನಿಂತಿದ್ದ ಮಾದರಿ ತಾನಾಗಿ ಬಾಯಿ ಬಿಡುತ್ತದೆ. ಅರಾಲ್ಡೈಟ್ ಬಳಸಿ. ಸೀಸ ಮುಟ್ಟಿದ ಮೇಲೆ ಕೈ ತೊಳೆಯಿರಿ.

ರೆಕ್ಕೆಗೆ ಒಂದೇ ಕಿವಿಮಾತು. ಎಡ ಬಲ ಎರಡರ ಶೀಟನ್ನೂ ಡಬಲ್ ಸೈಡ್ ಟೇಪಿನಿಂದ ಬೆನ್ನಿಗೆ ಬೆನ್ನು ಅಂಟಿಸಿ ಒಟ್ಟಿಗೇ ಕತ್ತರಿಸಿ, ಒಟ್ಟಿಗೇ ಅರ ಹಾಕಿ. ಆಗ ಹೊರ ಆಕಾರದಲ್ಲಿ ವ್ಯತ್ಯಾಸ ಬರಲು ಸಾಧ್ಯವೇ ಇಲ್ಲ. ಮಾರುತ್ ರೆಕ್ಕೆ ತೆಳು, ಕೆಳಗೆ 1 ಮಿಲಿಮೀಟರ್, ಮೇಲೆ 0.5 ಶೀಟ್ ಸೇರಿಸಿ ಅಂಟಿಸಿದರೆ ಸಾಕಾಗುತ್ತದೆ. ಹಿಂದಿನ ಅಂಚನ್ನು ಅಂಟಿಸುವ ಮೊದಲೇ ಒಳಮೈ ಕಡೆಯಿಂದ ಉಜ್ಜಿ ಬ್ಲೇಡಿನಷ್ಟು ತೆಳು ಮಾಡಿಕೊಳ್ಳಿ. ದಪ್ಪ ಹಿಂದಂಚು ಇದ್ದರೆ ಮಾದರಿ ಆಟಿಕೆ ಥರ ಕಾಣುತ್ತದೆ, ಬೇರೆ ಏನು ಮಾಡಿದರೂ ಅದು ಹೋಗುವುದಿಲ್ಲ. ಮೈಗೆ ಸೇರಿಸುವಾಗ ಬರೀ ಅಂಟು ನಂಬದೆ ಹಿತ್ತಾಳೆ ಕಡ್ಡಿ ತೂರಿಸಿ.

ಗಾಳಿ ಎಳೆಯುವ ಬಾಯಿ ಎರಡೂ ಬದಿಗೆ ಅರ್ಧವೃತ್ತದ ಹಾಗಿದೆ, ಮಧ್ಯೆ ಅರ್ಧ ಶಂಕು. ಲೇತ್ ಇಲ್ಲ ಅಂದಿದ್ದೀರಿ, ಬೇಕಾಗಿಲ್ಲ. ಹಳೇ ಕಿಟ್‌ನ ದಪ್ಪ ಕಡ್ಡಿಯನ್ನು ಕೈ ಡ್ರಿಲ್ಲಿಗೆ ಸಿಕ್ಕಿಸಿ, ನಿಧಾನಕ್ಕೆ ತಿರುಗಿಸುತ್ತಾ ಅರ ಹಿಡಿದರೆ ಶಂಕು ಬರುತ್ತದೆ. ಉದ್ದಕ್ಕೆ ಸೀಳಿದರೆ ಎರಡು ಬದಿಗೂ ಆಯಿತು. ಗರಗಸ ತಿನ್ನುವ ಭಾಗಕ್ಕೆ ಹಿಂಬದಿಗೆ ತೆಳು ಶೀಟ್ ಸೇರಿಸಿಕೊಳ್ಳಿ. ತುಟಿಯದ್ದೇ ಲೆಕ್ಕಾಚಾರ. 1 ಮಿಲಿಮೀಟರ್ ಪ್ಲಾಸ್ಟಿಕ್ ಅಂದರೆ ನಿಜದಲ್ಲಿ 72 ಮಿಲಿಮೀಟರ್, ಅಂಥ ದಪ್ಪ ತುಟಿಯ ಜೆಟ್ ವಿಮಾನ ಎಲ್ಲಿದೆ? ಒಳಗಿನಿಂದ ಕೆರೆದು ಅಂಚು ಚೂಪು ಮಾಡಿ. ಇದಕ್ಕಿಂತ ನೇರ ದಾರಿ ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿ. ಅದರ ತಗಡು ಸುಮಾರು 0.1 ಮಿಲಿಮೀಟರ್, 72ರಿಂದ ಗುಣಿಸಿದರೆ 7 ಮಿಲಿಮೀಟರ್, ನಂಬುವ ಹಾಗಿದೆ. ಒಂದು ಪಟ್ಟಿ ಕತ್ತರಿಸಿ ಬಾಯಿಯ ಸುತ್ತ ಬಾಗಿಸಿ ಫೆವಿಕ್ವಿಕ್ ಹಾಕಿ, ಹಿಂದಿನ ಅಂಚನ್ನು ಪುಟ್ಟಿಯಲ್ಲಿ ಮುಳುಗಿಸಿ.

ಹಿಂದಿನ ಜೆಟ್ ಕೊಳವೆಗಳಿಗೂ ಅದೇ ತಗಡು. ಇಲ್ಲಿ ನಿಮಗೆ ಲಾಭ ಇದೆ. ಮಾರುತ್‌ನ ಎಂಜಿನ್ ಆರ್ಫಿಯಸ್ 703, ಆಫ್ಟರ್‌ಬರ್ನರ್ (ಹಿಂದಿನ ಕೊಳವೆಯಲ್ಲಿ ಇನ್ನಷ್ಟು ಇಂಧನ ಉರಿಸಿ ಬಲ ಹೆಚ್ಚಿಸುವ ಭಾಗ) ಇಲ್ಲದ್ದು. ನೀವು ಕಟ್ಟಿದ ನ್ಯಾಟ್‌ನಲ್ಲಿ ಇದ್ದದ್ದೂ ಇದೇ ವಂಶದ ಎಂಜಿನ್, ಅಲ್ಲಿ ಒಂದು, ಇಲ್ಲಿ ಎರಡು. ಈ ವಿಮಾನ ಎರಡು ಪಟ್ಟು ಶಬ್ದದ ವೇಗಕ್ಕೆ ಅಂತ ಕನಸು ಕಂಡು ಕಟ್ಟಿದ್ದು, ತಕ್ಕ ಎಂಜಿನ್ ಸಿಗಲೇ ಇಲ್ಲ, ಕೊನೆವರೆಗೂ ಆರ್ಫಿಯಸ್‌ನಲ್ಲೇ ಹಾರಿತು. ದೇಶಕ್ಕೆ ಬೇಸರದ ಸಂಗತಿ, ಮಾಡೆಲ್ ಮಾಡುವವರಿಗೆ ಮಾತ್ರ ಸುಲಭ: ಎಲೆ ಎಲೆಯಾಗಿ ಬಿಚ್ಚಿಕೊಳ್ಳುವ ನಾಝಲ್ ಇಲ್ಲ, ಅಕ್ಕಪಕ್ಕ ಎರಡು ಸಾದಾ ಕೊಳವೆ ಅಷ್ಟೆ.

ಈಗ ನನಗೆ ತುಂಬ ಇಷ್ಟವಾದ ಭಾಗ, ಫಿರಂಗಿ. ಮೂತಿಯಲ್ಲಿ ಎಡಕ್ಕೆರಡು ಬಲಕ್ಕೆರಡು, ಒಟ್ಟು ನಾಲ್ಕು 30 ಮಿಲಿಮೀಟರ್ ಏಡನ್ ಫಿರಂಗಿಗಳಿವೆ. 30ನ್ನು 72ರಿಂದ ಭಾಗಿಸಿದರೆ 0.42 ಮಿಲಿಮೀಟರ್. ಮೆಡಿಕಲ್ ಶಾಪಿಗೆ ಹೋಗಿ 22 ಗೇಜಿನ ಇಂಜೆಕ್ಷನ್ ಸೂಜಿ ಕೇಳಿ, ಬುಡ ಕಪ್ಪು ಬಣ್ಣದ್ದು. ಅದರ ಒಳರಂಧ್ರ 0.41, ಹೊರ ಅಳತೆ 0.72. ಇದಕ್ಕಿಂತ ಹತ್ತಿರದ ಅಳತೆ ಯಾವ ದುಬಾರಿ ಸೆಟ್‌ನಲ್ಲೂ ಸಿಗುವುದಿಲ್ಲ, ಬೆಲೆ ಕೆಲವೇ ರೂಪಾಯಿ. ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿದರೆ ಬಾಯಿ ಚಪ್ಪಟೆಯಾಗುತ್ತದೆ. ಸೂಜಿಯನ್ನು ಮರದ ಹಲಗೆಯ ಮೇಲಿಟ್ಟು ತ್ರಿಕೋನ ಅರದ ಅಂಚಿನ ಕೆಳಗೆ ಹಿಂದೆ ಮುಂದೆ ಉರುಳಿಸಿ, ಸುತ್ತ ಗೀರು ಬಿದ್ದ ಮೇಲೆ ಮುರಿಯಿರಿ. ಬಾಯಿಯ ಮುಳ್ಳನ್ನು 800ರ ಪೇಪರಿನ ಮೇಲೆ ಉಜ್ಜಿ, ಇನ್ನೂ ತೆಳುವಾದ ಸೂಜಿಯನ್ನು ಒಳಗೆ ತೂರಿ ಚೊಕ್ಕ ಮಾಡಿ. ಹೊಸ ಸೂಜಿಯನ್ನೇ ಬಳಸಿ, ಕನ್ನಡಕ ಹಾಕಿಕೊಳ್ಳಿ, ಉಳಿದ ಚೂಪು ತುದಿಯನ್ನು ಬಾಟಲಿಗೆ ಹಾಕಿ ಮುಚ್ಚಿ. ಕಸದ ಬುಟ್ಟಿಗೆ ಹಾಗೇ ಎಸೆದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ವಿಮಾನದ ವೇಗ ಅಳೆಯುವ ಪಿಟೋಟ್ ಕೊಳವೆಗೂ ಇದೇ ಉಪಾಯ, ತೆಳು ಸೂಜಿಯನ್ನು ದಪ್ಪ ಸೂಜಿಯೊಳಗೆ ತೂರಿಸಿ. ಅದನ್ನು ಎಲ್ಲಕ್ಕಿಂತ ಕೊನೆಗೆ ಅಂಟಿಸಿ, ಇಲ್ಲದಿದ್ದರೆ ತೋಳು ತಾಗಿ ಮುರಿಯುವುದು ಗ್ಯಾರಂಟಿ.

ಹೊಟ್ಟೆಯಲ್ಲಿ 68 ಮಿಲಿಮೀಟರ್‌ನ 50 ರಾಕೆಟ್ ತುಂಬಿದ, ಒಳಗೆ ಎಳೆದುಕೊಳ್ಳುವ ಪೆಟ್ಟಿಗೆ ಇತ್ತು. ಅದನ್ನು ಇಳಿಸಿ ತೋರಿಸುವ ಆಸೆ ಬರುತ್ತದೆ. ಬೇಡ. ಒಂದು ಮಿಲಿಮೀಟರ್‌ಗಿಂತ ಸಣ್ಣ 50 ರಂಧ್ರಗಳನ್ನು ಸಾಲು ತಪ್ಪದೆ ಕೊರೆದರೂ ಮಾದರಿ ತಲೆಕೆಳಗೆ ಮಾಡಿದಾಗಲೇ ಅದು ಕಾಣುವುದು. ಮುಚ್ಚಿದಂತೆ ಗೆರೆ ಎಳೆದು ಬಿಡಿ.

ಕ್ಯಾನೊಪಿಗೆ, ಅಂದರೆ ಕಾಕ್‌ಪಿಟ್ ಮೇಲಿನ ಗಾಜಿನಂಥ ಮುಚ್ಚಳಕ್ಕೆ, ಬೇಕರಿಯ ಕೇಕ್ ಡಬ್ಬದ ಪಾರದರ್ಶಕ ಮುಚ್ಚಳ ಸಾಕು, ಅದು ಪೆಟ್ ಪ್ಲಾಸ್ಟಿಕ್. ಕ್ಯಾನೊಪಿಯ ಆಕಾರವನ್ನು ಗಟ್ಟಿ ಮರದಲ್ಲೋ ಎಂ-ಸೀಲ್‌ನಲ್ಲೋ ಮಾಡಿ, ಶೀಟಿನ ದಪ್ಪದಷ್ಟು ಸಣ್ಣದಾಗಿಯೇ ಮಾಡಿ, ಬುಡಕ್ಕೆ ಒಂದು ಸೆಂಟಿಮೀಟರ್ ಎತ್ತರ ಜಾಸ್ತಿ ಕೊಡಿ. ಅಚ್ಚಿನ ಮೇಲೆ ಗೀರು ಇದ್ದರೆ ಅದು ಹಾಗೇ ಕ್ಯಾನೊಪಿಗೆ ಬರುತ್ತದೆ, ಹಾಗಾಗಿ 2000ದ ಪೇಪರ್‌ವರೆಗೆ ಹೋಗಿ ಮೆರುಗು ಕೊಡಿ. ಶೀಟನ್ನು ಚೌಕಟ್ಟಿಗೆ ಸುತ್ತ ಕ್ಲಿಪ್ ಹಾಕಿ ಹೀಟ್ ಗನ್ ಹಿಡಿಯಿರಿ. ಮೊದಲು ಹಪ್ಪಳದಂತೆ ಸುರುಳಿ ಸುರುಳಿಯಾಗಿ ಏಳುತ್ತದೆ, ಹೆದರಬೇಡಿ. ಆಮೇಲೆ ಬಿಗಿಯಾಗಿ ಸಮ ಆಗುತ್ತದೆ, ನಂತರ ಮೆಲ್ಲಗೆ ಜೋತು ಬೀಳುತ್ತದೆ. ಆ ಕ್ಷಣಕ್ಕೆ ಅಚ್ಚಿನ ಮೇಲೆ ಒಂದೇ ಸಲಕ್ಕೆ ಒತ್ತಿ ಹತ್ತು ಎಣಿಸುವವರೆಗೆ ಹಿಡಿಯಿರಿ. ಇನ್ನೂ ಬಿಸಿ ಮಾಡಿದರೆ ಹಾಲಿನಷ್ಟು ಬೆಳ್ಳಗಾಗಿ ಕೆಡುತ್ತದೆ. ಕೆಲವು ಸಲ ಕೆಡುವುದು ಲೆಕ್ಕದಲ್ಲೇ ಇರಲಿ, ಡಬ್ಬ ನಾಲ್ಕೈದು ಕೂಡಿಟ್ಟುಕೊಳ್ಳಿ.

ಹೀಗೆ ಮಾಡಿದ ಕ್ಯಾನೊಪಿ ಕಿಟ್‌ನದ್ದಕ್ಕಿಂತ ತೆಳು, ಒಳಗಿನದು ಚೆನ್ನಾಗಿ ಕಾಣುತ್ತದೆ. ಅಂದರೆ ಕಾಕ್‌ಪಿಟ್‌ಗೆ ಸ್ವಲ್ಪ ಶ್ರಮ ಹಾಕಲೇಬೇಕು, ಆದರೆ ಎಲ್ಲಿ ಅನ್ನುವುದು ಮುಖ್ಯ. ಮುಚ್ಚಿದ ಕ್ಯಾನೊಪಿಯಿಂದ ಕಾಣುವುದು ಸೀಟಿನ ತಲೆಭಾಗ, ಬೆಲ್ಟು, ಪ್ಯಾನಲ್‌ನ ಮೇಲಂಚು. ಪೆಡಲ್ಲು, ನೆಲ ಯಾರಿಗೂ ಕಾಣುವುದಿಲ್ಲ. ಸೀಟು ಮಾರ್ಟಿನ್-ಬೇಕರ್‌ನದ್ದು, ಅದರ ತಲೆಯ ಮೇಲಿನ ಎಳೆಯುವ ಹಿಡಿಕೆಯನ್ನು ತೆಳು ತಾಮ್ರದ ತಂತಿಯಲ್ಲಿ ಬಾಗಿಸಿ ಹಳದಿ ಕಪ್ಪು ಪಟ್ಟೆ ಬಳಿದರೆ ಅರ್ಧ ಕೆಲಸ ಮುಗಿಯಿತು. ಬೆಲ್ಟಿಗೆ ಮಾಸ್ಕಿಂಗ್ ಟೇಪಿನ ಸಣ್ಣ ಪಟ್ಟಿ. ಮೀಟರ್‌ಗಳು ನಿಜದಲ್ಲಿ ಸುಮಾರು 80 ಮಿಲಿಮೀಟರ್, ಇಲ್ಲಿ 1.1. ಅವನ್ನು ಕೈಯಲ್ಲಿ ಬಿಡಿಸುವ ಸಾಹಸ ಬೇಡ, ಪ್ಯಾನಲ್‌ನ ಫೋಟೋವನ್ನು ಅಳತೆಗೆ ಕುಗ್ಗಿಸಿ ಫೋಟೋ ಪೇಪರಿನಲ್ಲಿ ಪ್ರಿಂಟ್ ಹಾಕಿಸಿ ಅಂಟಿಸಿ, ಒಂದೊಂದು ಮೀಟರ್ ಮೇಲೂ ಕ್ಲಿಯರ್ ವಾರ್ನಿಷ್‌ನ ಹನಿ ಇಡಿ.

ಪ್ಯಾನಲ್ ಗೆರೆ, ರಿವೆಟ್ ಬಗ್ಗೆ ಕೇಳಿದಿರಿ. ಮತ್ತೆ 72ರ ಮಗ್ಗಿ. ನೀವು 0.2 ಮಿಲಿಮೀಟರ್ ಗೆರೆ ಕೊರೆದರೆ ನಿಜದಲ್ಲಿ ಅದು 14 ಮಿಲಿಮೀಟರ್ ಸಂದು. ಬೆರಳು ತೂರುವಷ್ಟು ಸಂದು ಬಿಟ್ಟು ಯಾರೂ ವಿಮಾನ ಜೋಡಿಸುವುದಿಲ್ಲ. ಆದ್ದರಿಂದ ನಿಜವಾಗಿ ತೆರೆಯುವ, ಅಲುಗಾಡುವ ಭಾಗಗಳ ಗೆರೆ ಮಾತ್ರ ಸ್ಪಷ್ಟ ಇರಲಿ: ಏಲೆರಾನ್, ಫ್ಲಾಪ್, ರಡ್ಡರ್, ಚಕ್ರದ ಬಾಗಿಲು, ಫಿರಂಗಿಯ ಮುಚ್ಚಳ. ಉಳಿದವು ಪಿನ್ ವೈಸ್‌ಗೆ (ಸೂಜಿ ಹಿಡಿಯುವ ಪುಟ್ಟ ಹಿಡಿಗೆ) ಹಾಕಿದ ಹೊಲಿಗೆ ಸೂಜಿಯಿಂದ ಒಂದೆರಡು ಹಗುರ ಎಳೆತ, ಅಷ್ಟೆ. ರಿವೆಟ್ ತಲೆ ಈ ಅಳತೆಯಲ್ಲಿ ಕಣ್ಣಿಗೇ ಕಾಣಬಾರದು, ಹಾಕದಿದ್ದರೆ ಏನೂ ನಷ್ಟವಿಲ್ಲ. ಇಡೀ ಮೈಗೆ ರಿವೆಟ್ ಹೊಡೆದು ಗೆರೆಗಳಿಗೆ ಕಪ್ಪು ವಾಶ್ (ನೀರಾದ ಬಣ್ಣ) ತುಂಬಿದ ಮಾದರಿಗಳಿಗೆ ಈಗ ಚಪ್ಪಾಳೆ ಜಾಸ್ತಿ, ನನಗೆ ಅವು ಹಿಡಿಸುವುದಿಲ್ಲ.

ಕೊರೆಯುವಾಗ ಒಂದು ತೊಂದರೆ ಬರುತ್ತದೆ. ಪ್ಲಾಸ್ಟಿಕ್ ಮೆತ್ತಗೆ, ಎಂ-ಸೀಲ್ ಬಿರುಸು, ಸೂಜಿ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಹಾರುತ್ತದೆ. ಅದಕ್ಕೆ ಗೆರೆ ಬರುವ ಕಡೆಯೆಲ್ಲ ಫೆವಿಕ್ವಿಕ್ ತೆಳ್ಳಗೆ ಸವರಿ ಅದೇ ದಿನ ಉಜ್ಜಿಬಿಡಿ, ಒಂದೇ ಗಟ್ಟಿತನದ ಮೇಲ್ಮೈ ಸಿಗುತ್ತದೆ. ಹೆಚ್ಚು ದಿನ ಬಿಟ್ಟರೆ ಅದು ಪ್ಲಾಸ್ಟಿಕ್‌ಗಿಂತ ಕಲ್ಲಾಗಿ ಅರಕ್ಕೂ ಜಗ್ಗುವುದಿಲ್ಲ. ನೇರ ಗೆರೆಗೆ ಹೆಸರು ಒತ್ತುವ ಡೈಮೋ ಟೇಪನ್ನು ಅಂಟಿಸಿಕೊಳ್ಳಿ, ದಪ್ಪ ಇರುವುದರಿಂದ ಸೂಜಿ ಅಂಚು ಬಿಟ್ಟು ಹೋಗುವುದಿಲ್ಲ.

3ಡಿ ಪ್ರಿಂಟ್ ಬೇಡ ಅನ್ನುವವನು ನಾನಲ್ಲ. ರೆಸಿನ್ ಪ್ರಿಂಟರ್ ಸಿಕ್ಕರೆ ಚಕ್ರ, ಸೀಟು, ಹೊರ ಟ್ಯಾಂಕ್ ಅದರಲ್ಲೇ ಮಾಡಿಸಿ, ಒಂದೇ ತರಹದ್ದು ಎರಡೆರಡು ಬೇಕಾದ ಭಾಗಗಳಿಗೆ ಅದು ವರ. ಇಡೀ ವಿಮಾನ ಪ್ರಿಂಟ್ ಮಾಡಿಸುವುದಾದರೆ ಕಂಪ್ಯೂಟರಿನಲ್ಲಿ ಸರಿಯಾದ ಮಾದರಿ ಬೇಕಲ್ಲ? ಬಿಟ್ಟಿ ಸಿಗುವ ಫೈಲುಗಳು ಸಾಮಾನ್ಯವಾಗಿ ಗೇಮ್‌ಗೆ ಮಾಡಿದಂಥವು, ಸೊಂಟ ಅಲ್ಲೂ ಪೈಪೇ. ಆ ಅಡ್ಡಕೊಯ್ತಗಳನ್ನು ನೀವೇ ಕೂತು ಸರಿಪಡಿಸಬೇಕು ಅಂದ ಮೇಲೆ ಅದೇ ಕೆಲಸವನ್ನು ಶೀಟಿನಲ್ಲಿ ಮಾಡಿದರಾಯಿತು. ತೆಳುವಾದ ಉದ್ದ ರೆಕ್ಕೆ ರೆಸಿನ್‌ನಲ್ಲಿ ಬಿಸಿಲಿಗೆ ಬಾಗುವುದೂ ಉಂಟು.

ಬಣ್ಣಕ್ಕೆ ಮೊದಲು ಒಂದು ವಿಮಾನ, ಒಂದು ಕಾಲ ಅಂತ ನಿರ್ಧರಿಸಿ, ಅದೇ ವಿಮಾನದ ಹಳೇ ಫೋಟೋ ಹುಡುಕಿ. ಒಟ್ಟು 147 ಮಾರುತ್‌ಗಳು ತಯಾರಾದವು, ಅದರಲ್ಲಿ 18 ಎರಡು ಸೀಟಿನ ತರಬೇತಿ ವಿಮಾನ. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹಾರಿದವು 10 ಮತ್ತು 220ನೇ ಸ್ಕ್ವಾಡ್ರನ್‌ಗಳದ್ದು. ಮರಳುಗಾಡಿನ ನೆಲೆ, ಹಾಗಾಗಿ ಕೊಳೆ ಹಚ್ಚುವುದಾದರೆ ಕಪ್ಪು ಮಸಿಗಿಂತ ಮಣ್ಣಿನ ಬಣ್ಣದ ತೆಳು ಪುಡಿ ಸರಿ ಹೊಂದುತ್ತದೆ, ಅದೂ ಚಕ್ರ ಮತ್ತು ಹೊಟ್ಟೆಯ ಸುತ್ತ ಮಾತ್ರ. ಪ್ರೈಮರ್ ಕಾರಿನದ್ದೇ ಬೂದು ಸರ್ಫೇಸರ್, ಥಿನ್ನರ್ ಹಾಕಿ ಏರ್‌ಬ್ರಷ್‌ನಲ್ಲಿ ತೆಳುವಾಗಿ ಹೊಡೆಯಿರಿ. ಮಳೆ ಹಿಡಿದ ದಿನ ಲ್ಯಾಕರ್ ಮುಟ್ಟಬೇಡಿ. ಗಾಳಿಯ ತೇವ ಹಿಡಿದು ಬಿಳಿ ಮಬ್ಬು ಕೂರುತ್ತದೆ.

ಕೊನೆಗೆ ವಾಯುಪಡೆಯ ವೃತ್ತ. ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಇಂಕ್‌ಜೆಟ್‌ನಲ್ಲಿ ಪಾರದರ್ಶಕ ಡೆಕಾಲ್ ಪೇಪರಿನ (ನೀರಲ್ಲಿ ನೆನೆಸಿ ಅಂಟಿಸುವ ಚಿತ್ರದ ಹಾಳೆಯ) ಮೇಲೆ ಪ್ರಿಂಟ್ ಮಾಡಿಸಿದರೆ ಕೆಡುತ್ತದೆ, ಯಾಕೆಂದರೆ ಪ್ರಿಂಟರಿನಲ್ಲಿ ಬಿಳಿ ಶಾಯಿ ಇಲ್ಲ, ಗಾಢ ಹಸಿರಿನ ಮೇಲೆ ಕೇಸರಿ ಕೂರಿಸಿದರೆ ಕಂದು ಕಾಣುತ್ತದೆ. ಕಂಪಾಸ್ ಕಟರ್‌ನಲ್ಲಿ ಮಾಸ್ಕಿಂಗ್ ಟೇಪಿನ ಉಂಗುರಗಳನ್ನು ಕತ್ತರಿಸಿ ಬಣ್ಣವನ್ನೇ ಹೊಡೆಯಿರಿ. ಮೊದಲು ಇಡೀ ವೃತ್ತಕ್ಕೆ ಬಿಳಿ, ಒಣಗಿದ ಮೇಲೆ ನಡುವಿನ ಉಂಗುರವನ್ನು ಟೇಪಿನಿಂದ ಮುಚ್ಚಿ, ಒಳಗೆ ಹಸಿರು ಹೊಡೆಯುವಾಗ ಹೊರಗಿನದಕ್ಕೂ ಟೇಪ್, ಹೊರಗೆ ಕೇಸರಿ ಹೊಡೆಯುವಾಗ ಒಳಗಿನದಕ್ಕೆ. ಬಾಲದ ಅಂಕಿಗಳು ತೀರಾ ಸಣ್ಣ, ಅವು ಕಪ್ಪಾಗಿದ್ದರೆ ಮಾತ್ರ ಡೆಕಾಲ್ ಪ್ರಿಂಟ್ ನಡೆಯುತ್ತದೆ, ಬಿಳಿಯಾಗಿದ್ದರೆ ಅಕ್ಷರದ ಸುತ್ತ ಹಿನ್ನೆಲೆಯ ಬಣ್ಣವನ್ನೇ ಪ್ರಿಂಟ್ ಹಾಕಿಸಿ ಬಿಳಿ ಡೆಕಾಲ್ ಪೇಪರ್ ಬಳಸಿ. ಪ್ರಿಂಟಾದ ಹಾಳೆಗೆ ನೀರಿಗೆ ಹಾಕುವ ಮುನ್ನ ಕ್ಲಿಯರ್ ಲ್ಯಾಕರ್ ಎರಡು ತೆಳು ಕೋಟ್ ಹೊಡೆಯುವುದು ಮರೆಯಬೇಡಿ. ಇಲ್ಲದಿದ್ದರೆ ಇಂಕ್‌ಜೆಟ್ ಶಾಯಿ ಬಟ್ಟಲಲ್ಲೇ ಕರಗಿ ಹೋಗುತ್ತದೆ.